ಏಣಿ ನಿಮ್ಮದು, ಹೊಣೆ ನಮ್ಮದು

ಜೂನ್ ೩, ಮಂಗಳವಾರ

ಮಾನ್ಯ ಅಧ್ಯಕ್ಷರೇ, ವೇದಿಕೆಯನ್ನು ಅಲಂಕರಿಸಿರುವ ಕೆಟ್ಟ ಟೇಬಲ್ ಫ್ಯಾನಿನವರೇ, ಮುಂದಿನ ಸಾಲಿನಲ್ಲಿ ಆಸೀನರಾಗಿರುವ ಇಸ್ತ್ರಿ ಕಾಣದ ಬಟ್ಟೆಗಳೇ, ಜಾಗ ಸಿಗದೆ ಹಿಂದೆ ನಿಂತೇ ಕೇಳುತ್ತಿರುವ ಪೊರಕೆ ಬಾಂಧವರೇ, ಮಹಾಜನಗಳೇ. ನಮ್ಮ ಮನೆಯ ಈ ಕಿರುಕೋಣೆಯಲ್ಲಿ ಇಂದು ಏರ್ಪಾಡಾಗಿರುವ ಉಪನ್ಯಾಸದ ವಿಷಯ, ಕಂಪನಿಗಳ ಸಾಮಾಜಿಕ ಜವಾಬ್ದಾರಿ. ಉಪನ್ಯಾಸಕನನ್ನು ಪರಿಚಯಿಸಲು ಯಾರೂ ಎದ್ದು ಬರುವ ಲಕ್ಷಣ ಕಾಣದಿರುವುದರಿಂದ ಆ ಭಾರವನ್ನೂ ನಾನೇ ಹೊರುತ್ತೇನೆ.

ಈತ ಕನ್ನಡ ಮಾಧ್ಯಮದಲ್ಲಿ ಓದಿ, ಪದವಿಯನ್ನೂ ಕನ್ನಡದಲ್ಲೇ ಪಡೆದು, ಈಗ ಮಡಚುವ ಏಣಿ ತಯಾರಿಸುವ ಕಂಪನಿಯ ಪ್ರಚಾರ ವಿಭಾಗದಲ್ಲಿದ್ದಾನೆ. ವಿಭಾಗ ಎಂದರೆ ಈತ ಮತ್ತು ಒಂದು ಕುರ್ಚಿ. ಕಂಪನಿ ಕಟ್ಟಿದ ಹಿರಿಯ ಯಜಮಾನರಿಗೆ ಪ್ರಾಸವೆಂದರೆ ಪ್ರಾಣ. ಪ್ರಾಸವಿಲ್ಲದ ಫಲಕಕ್ಕೆ ನಮ್ಮ ಗೋಡೆಯಲ್ಲಿ ಮೊಳೆ ಇಲ್ಲ ಎಂದು ಅವರು ಕಾಯಿದೆ ಮಾಡಿಟ್ಟರು. ಹೀಗಾಗಿ ಊಟದ ಮನೆಯಲ್ಲಿ ‘ತಟ್ಟೆಯಲ್ಲಿ ಬಿಡಬೇಡಿ, ಹೊಟ್ಟೆಯನ್ನು ಸುಡಬೇಡಿ’ ಎಂದಿದೆ. ಕೈ ತೊಳೆಯುವಲ್ಲಿ ‘ನಲ್ಲಿ ನಿಲ್ಲಿಸಿ ಹೊರಡಿ, ಇಲ್ಲೇ ನಿಂತು ಹರಟಬೇಡಿ’ ಎಂದಿದೆ. ಎರಡೂ ಈತನವೇ. ಕಂಪನಿಯಲ್ಲಿ ಈತನ ಹೆಸರನ್ನು ಎಲ್ಲರೂ ಮರೆತು ಪ್ರಾಸಣ್ಣ ಎನ್ನುತ್ತಾರೆ. ಸಂಬಳದ ಚೀಟಿಯಲ್ಲಿ ಮಾತ್ರ ಇನ್ನೂ ಹಳೆಯ ಹೆಸರಿದೆ.

ಇನ್ನು ವಿಷಯಕ್ಕೆ ಬರೋಣ. ಹಿರಿಯರು ಮನೆ ಸೇರಿದ ಮೇಲೆ ಕಂಪನಿಯನ್ನು ನಡೆಸುತ್ತಿರುವವರು ಅವರ ಮಗಳ ಗಂಡ. ಕಾವಲುಗಾರನಿಂದ ಹಿಡಿದು ಬ್ಯಾಂಕಿನವರವರೆಗೆ ಎಲ್ಲರಿಗೂ ಅವರು ಅಳಿಯಂದಿರು. ಇವತ್ತು ಅವರು ನನ್ನನ್ನೂ ತಪಾಸಣೆ ಮೇಡಂ ಅವರನ್ನೂ ಕೋಣೆಗೆ ಕರೆದು ಬಾಗಿಲು ಹಾಕಿಸಿದರು. ತಪಾಸಣೆ ಮೇಡಂ ಎಂದರೆ ಏಣಿಗಳ ಮೇಲೆ ಮರಳಿನ ಮೂಟೆ ಹೇರಿ, ಅವು ಎಷ್ಟು ತಡೆಯುತ್ತವೆ ಎಂದು ನೋಡುವ ಇಂಜಿನಿಯರು. ನನಗಿಂತ ಚಿಕ್ಕವರು, ನಗುವುದು ನನಗಿಂತ ಕಮ್ಮಿ.

ಸಂಗತಿ ಇಷ್ಟು. ಕಳೆದ ವರ್ಷ ಬಂದ ನೀಲಿ ಏಣಿಯಲ್ಲಿ ದೋಷವಿದೆ. ಮೆಟ್ಟಿಲಿಗೆ ನೀಲಿ ರಬ್ಬರು ಹಾಕಿದ ಮಾದರಿ ಅದು. ಎರಡು ಕಾಲುಗಳನ್ನು ಹಿಡಿದಿಡುವ ಪಕ್ಕದ ಪಟ್ಟಿಗೆ ಹೊಡೆದ ರಿವೆಟ್ ಮೊಳೆ ಮೆತ್ತಗಿನ ಲೋಹದ್ದು. ಕೆಲವು ತಿಂಗಳು ಹತ್ತಿ ಇಳಿದರೆ ಅದು ಸಡಿಲವಾಗುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಒಂದು ದಿನ ಪಟ್ಟಿ ಕಳಚಿ, ಏಣಿ ಕಾಲು ಚಾಚಿ ಮಲಗಿಬಿಡುತ್ತದೆ. ಮೇಲಿದ್ದವರೂ ಮಲಗುತ್ತಾರೆ. ಒಬ್ಬ ಬಣ್ಣ ಬಳಿಯುವವನ ಮಣಿಕಟ್ಟು ಮುರಿದಿದೆ. ಮಾರಿದ ಏಣಿಗಳನ್ನೆಲ್ಲ ವಾಪಸ್ ಕರೆಸಬೇಕು ಎಂದು ಮೇಡಂ ಹೇಳಿದರು.

ಅಳಿಯಂದಿರು ಕೆಟ್ಟವರಲ್ಲ. ಮುಚ್ಚಿಡೋಣ ಎಂದು ಅವರು ಹೇಳಲಿಲ್ಲ. ಎಲ್ಲ ಏಣಿಗೂ ಪುಕ್ಕಟೆಯಾಗಿ ಗಟ್ಟಿ ರಿವೆಟ್ ಹಾಕಿಕೊಡೋಣ, ಆದರೆ ‘ದೋಷ’ ಎಂಬ ಮಾತು ಬೇಡ, ಆ ಮಾತು ಹೊರಗೆ ಬಿದ್ದರೆ ಒಳ್ಳೆಯ ಏಣಿಗಳೂ ಅಂಗಡಿಯಲ್ಲಿ ಧೂಳು ತಿನ್ನುತ್ತವೆ, ಕೆಲಸದವರ ಗತಿಯೇನು ಎಂದರು. ಹೇಗೂ ಸಾಮಾಜಿಕ ಜವಾಬ್ದಾರಿ ನಿಧಿಯಿದೆ, ಏಣಿ ಆರೋಗ್ಯ ಶಿಬಿರ ಅಂತ ಮಾಡಿಬಿಡೋಣ.

“ರಿಪೇರಿ ಆಗೋದು ಮುಖ್ಯ ತಾನೇ? ಅದಕ್ಕೆ ಹೆಸರು ಏನಿಟ್ಟರೇನು?” ಎಂದು ನನ್ನ ಕಡೆ ತಿರುಗಿದರು.

ನನಗೂ ಸರಿಯೆನಿಸಿತು. ಮೆಟ್ಟಿಲಿಳಿಯುವಷ್ಟರಲ್ಲಿ ಸಾಲು ಸಿದ್ಧವಾಗಿತ್ತು. ‘ಏಣಿ ನಿಮ್ಮದು, ಹೊಣೆ ನಮ್ಮದು.’ ಆದಿಪ್ರಾಸವೂ ಕೂತಿದೆ, ಅಂತ್ಯಪ್ರಾಸವೂ ಕೂತಿದೆ. ಸಭಿಕರು ಚಪ್ಪಾಳೆ ತಟ್ಟಬಹುದು.

ಜೂನ್ ೬, ಶುಕ್ರವಾರ

ಮಹಾಜನಗಳೇ, ಸಾಲು ಪಾಸಾಯಿತು. ಅಳಿಯಂದಿರು ಅದನ್ನು ಎರಡು ಸಲ ಗಟ್ಟಿಯಾಗಿ ಓದಿ ಮೇಜಿಗೆ ಪೆನ್ನಿನಿಂದ ತಾಳ ಹಾಕಿದರು. ಅವರು ತಾಳ ಹಾಕಿದರೆ ಮಂಜೂರಾತಿ ಎಂದರ್ಥ. ಮೈಕಿನ ಗಾಡಿಯವನು ಅದಕ್ಕೆ ರಾಗ ಕಟ್ಟಿದ್ದಾನೆ. ಬೀದಿ ಬೀದಿಯಲ್ಲಿ ನನ್ನ ಪದ್ಯ, ನಡುನಡುವೆ ಮೈಕಿನವನ ಗದ್ಯ.

ಮನೆಯಲ್ಲೂ ಒಂದು ನೀಲಿ ಏಣಿಯಿದೆ, ಕಳೆದ ವರ್ಷ ನೌಕರರಿಗೆಲ್ಲ ಕೊಟ್ಟದ್ದು. ಮಂಗಳವಾರವೇ ಅದನ್ನು ಮಡಚಿ ಹಗ್ಗ ಸುತ್ತಿ ಮಂಚದ ಕೆಳಗೆ ತಳ್ಳಿ, ಹತ್ತಬೇಡ ಎಂದು ಇವಳಿಗೆ, ಅಂದರೆ ನನ್ನ ಹೆಂಡತಿಗೆ, ಹೇಳಿದ್ದೆ. ಕಾರಣವನ್ನೂ ಹೇಳಿದ್ದೆ. ಇವತ್ತು ಅಟ್ಟದ ಪೆಟ್ಟಿಗೆ ತೆಗೆಯಲು ಇವಳು ಕುರ್ಚಿಯ ಮೇಲೆ ಸ್ಟೂಲಿಟ್ಟು ಹತ್ತಿದಳು. ಬೀಳ್ತೀಯಾ ಎಂದು ನಾನು ಕೂಗಿಕೊಂಡೆ.

ಅವಳು ಮೇಲಿಂದಲೇ ಕೇಳಿದಳು, “ನಮ್ಮನೆ ಏಣಿ ಹತ್ತಬಾರ್ದು. ಬೇರೆಯವರು ಹತ್ತಬಹುದಾ?”

ಶಿಬಿರ ಮಾಡ್ತಿದ್ದೀವಲ್ಲ, ಎಲ್ಲರದೂ ಸರಿಹೋಗುತ್ತೆ ಎಂದೆ. ಅವಳು ಪೆಟ್ಟಿಗೆಯ ಧೂಳನ್ನು ನನ್ನ ತಲೆಯ ಮೇಲೆ ಕೊಡವಿದಳು. ಬೇಕೆಂದೇ ಕೊಡವಿದಳೋ ಏನೋ, ಕೇಳಲಿಲ್ಲ.

ಜೂನ್ ೧೪, ಶನಿವಾರ

ಸಭಿಕರೇ, ಶಿಬಿರ ಸಂಪನ್ನವಾಯಿತು. ಶಾಲೆಯ ಆಟದ ಮೈದಾನ, ಬಿಳಿ ಶಾಮಿಯಾನ, ತಣ್ಣನೆಯ ನಿಂಬೆ ಪಾನಕ. ಬೆಳಿಗ್ಗೆ ಗೇಟು ತೆರೆಯುವ ಮೊದಲೇ ಸಾಲು ರಸ್ತೆ ಮುಟ್ಟಿತ್ತು. ಇಷ್ಟು ಜನ ಏಣಿ ಹೊತ್ತು ನಡೆದದ್ದನ್ನು ನಾನು ಎಲ್ಲೂ ನೋಡಿಲ್ಲ. ದೂರದಿಂದ ಯಾವುದೋ ಕೋಟೆಗೆ ಲಗ್ಗೆ ಹಾಕಲು ಹೊರಟ ಸೈನ್ಯದಂತಿತ್ತು.

ಹತ್ತಿರ ಬಂದಾಗ ನೋಡಿದೆ. ಮರದ ಏಣಿಗಳು. ಮೆಟ್ಟಿಲಿಗೆ ಬದಲು ಹಗ್ಗ ಕಟ್ಟಿದ ಏಣಿ. ಗೆದ್ದಲು ತಿಂದು ಉಳಿದ ಏಣಿ. ಬೇರೆ ಕಂಪನಿಗಳ ಕಬ್ಬಿಣದ ಏಣಿ. ಒಬ್ಬ ತಾತ ತಮ್ಮ ಊರುಗೋಲಿಗೆ ಹೊಸ ರಬ್ಬರು ಹಾಕಿಸಿಕೊಂಡರು. ಇನ್ನೊಬ್ಬರು ಮಡಚುವ ಕುರ್ಚಿ ತಂದು, ಇದಕ್ಕೂ ನಾಲ್ಕು ಕಾಲಿದೆಯಲ್ಲ ಎಂದು ವಾದಿಸಿದರು. ಯಾರನ್ನೂ ವಾಪಸ್ ಕಳಿಸಬೇಡಿ ಎಂದು ಅಳಿಯಂದಿರ ಅಪ್ಪಣೆಯಾಗಿತ್ತು. ಮೇಸ್ತ್ರಿಗಳು ಸಂಜೆವರೆಗೆ ಮೊಳೆ ಹೊಡೆದರು, ಹಗ್ಗ ಬಿಗಿದರು, ತೇಪೆ ಹಾಕಿದರು.

ನೀಲಿ ಏಣಿ ಬಂದದ್ದು ಬೆರಳೆಣಿಕೆಯಷ್ಟು.

ತಪಾಸಣೆ ಮೇಡಂ ರಿವೆಟ್ ತುಂಬಿದ ಡಬ್ಬಿಗಳ ಪಕ್ಕ ಕೈ ಕಟ್ಟಿ ಕೂತಿದ್ದರು. ಡಬ್ಬಿಗಳು ತೆರೆಯದೆ ಹಾಗೇ ಇದ್ದವು. ಪಾನಕ ತೆಗೆದುಕೊಂಡು ಹೋಗಿ ಕೊಟ್ಟೆ.

“ಊರಿನ ಮುರುಕು ಏಣಿಗಳೆಲ್ಲ ಈಗ ಗಟ್ಟಿಮುಟ್ಟು ಪ್ರಾಸಣ್ಣ,” ಎಂದರು. “ಬೀಳೋದು ನಮ್ಮದು ಮಾತ್ರ.”

ಹೊಸ ಏಣಿಯವರು ಯಾಕೆ ಬರಲಿಲ್ಲವೋ ಎಂದೆ. ಹೊಸದಕ್ಕೆ ಏನಾಗಿದೆ ಅಂತ ಬರ್ತಾರೆ, ಅವರಿಗೆ ಯಾರಾದರೂ ಹೇಳಿದ್ದಾರಾ ಎಂದು ಕೇಳಿದರು. ನಾನು ಗಾಡಿಯಲ್ಲಿ ಕೂಗಿಸಿದ್ದೆವಲ್ಲ ಎನ್ನಲು ಹೋಗಿ, ಕೂಗಿಸಿದ್ದು ಏನೆಂದು ನೆನಪಾಗಿ, ಪಾನಕ ಕುಡಿದೆ. ಅವರಿಗೆಂದು ತಂದದ್ದು.

ಫೋಟೋಗಳು ಚೆನ್ನಾಗಿ ಬಂದಿವೆ. ಊರುಗೋಲಿನ ತಾತ ಅಳಿಯಂದಿರ ಹೆಗಲ ಮೇಲೆ ಕೈ ಹಾಕಿ ನಗುತ್ತಿರುವುದಂತೂ ಬಹಳ ಚೆನ್ನಾಗಿದೆ.

ಜೂನ್ ೧೫, ಭಾನುವಾರ

ಇವಳ ಜೊತೆ ಪೇಟೆಗೆ ಹೋಗಿದ್ದೆ. ಔಷಧಿ ಅಂಗಡಿಯಲ್ಲಿ ನೀಲಿ ಏಣಿ. ಪುಸ್ತಕದ ಅಂಗಡಿಯಲ್ಲಿ ನೀಲಿ ಏಣಿ. ಚಪ್ಪಲಿ ಅಂಗಡಿಯಲ್ಲಿ ಒಬ್ಬಳು ಹುಡುಗಿ ಮೇಲಿನ ಮೆಟ್ಟಿಲ ಮೇಲೆ ತುದಿಗಾಲಲ್ಲಿ ನಿಂತು ಡಬ್ಬ ಎಳೆಯುತ್ತಿದ್ದಳು. ಬೇಡ, ನನಗೆ ಕೆಳಗಿಟ್ಟಿರುವ ಜೋಡಿಯೇ ಸಾಕು ಎಂದೆ. ಅಳತೆ ಸ್ವಲ್ಪ ಚಿಕ್ಕದು. ತೆಗೆದುಕೊಂಡು ಬಂದಿದ್ದೇನೆ.

ಜೂನ್ ೧೮, ಬುಧವಾರ

ಅಳಿಯಂದಿರು ಒಂದು ಹಣ್ಣಿನ ಬುಟ್ಟಿ ಕೊಟ್ಟು ಆಸ್ಪತ್ರೆಗೆ ಕಳಿಸಿದರು. ನೂಲು, ಗುಂಡಿ, ಲೇಸು ಮಾರುವ ಅಂಗಡಿಯ ಯಜಮಾನಿ ಸೋಮವಾರ ನಮ್ಮ ಏಣಿಯಿಂದ ಬಿದ್ದು ಮೊಣಕಾಲಿನ ಕೆಳಗೆ ಮೂಳೆ ಮುರಿದುಕೊಂಡಿದ್ದಾರೆ. ಸಮಾಧಾನ ಹೇಳಿ ಬನ್ನಿ, ನಿಮಗೆ ಮಾತು ಚೆನ್ನಾಗಿ ಬರುತ್ತೆ ಎಂದರು. ದಾರಿಯಲ್ಲಿ ಅಭ್ಯಾಸವೆಂಬಂತೆ ಒಂದು ಸಾಲು ಹೊಳೆಯಿತು, ‘ಬುಟ್ಟಿಯಲ್ಲಿ ಹಣ್ಣು, ಪಟ್ಟಿಯಲ್ಲಿ ಕಾಲು’. ಮುಂದಕ್ಕೆ ಹೋಗಲಿಲ್ಲ.

ಅರವತ್ತರ ಆಸುಪಾಸಿನ ಹೆಂಗಸು. ಕಾಲಿಗೆ ಪ್ಲಾಸ್ಟರು ಹಾಕಿ ಎತ್ತಿ ಕಟ್ಟಿದ್ದಾರೆ. ಏಣಿ ಕಂಪನಿಯಿಂದ ಬಂದಿದ್ದೇನೆ ಎಂದ ಕೂಡಲೇ ಅವರು ಎದ್ದು ಕೂರಲು ನೋಡಿದರು. ನನ್ನನ್ನು ನಿಲ್ಲಿಸಿದ್ದಕ್ಕೆ ಸೊಸೆಯನ್ನು ಗದರಿ ಕುರ್ಚಿ ಹಾಕಿಸಿದರು. ನಾನು ಬಾಯಿ ತೆರೆಯುವ ಮೊದಲೇ ಅವರೇ ನನಗೆ ಸಮಾಧಾನ ಹೇಳಿದರು.

“ಏಣಿದೇನೂ ತಪ್ಪಿಲ್ಲಪ್ಪ. ನಾನೇ ದಪ್ಪ ಆಗಿಬಿಟ್ಟಿದ್ದೀನಿ. ಇವಳಿಗೆ ಹೇಳಿದ್ದೀನಿ, ಇನ್ಮೇಲೆ ನೀನೇ ಹತ್ತು, ನೀನಾದ್ರೆ ಹಗುರ ಅಂತ.”

ಸೊಸೆ ನಕ್ಕಳು. ನಮ್ಮತ್ತೆ ಬಿದ್ದ ಸದ್ದಿಗೆ ಎದುರಿನ ಅಂಗಡಿಯವರು ಷಟರ್ ಬಿತ್ತು ಅಂದ್ಕೊಂಡ್ರು ಎಂದಳು. ಅತ್ತೆಗೂ ನಗು ಬಂತು. ಕಾಲು ಅಲುಗಿ ನೋವಾಗಿ ಮುಖ ಕಿವಿಚಿದರು.

ಹಾಗಾದರೆ ಆ ಏಣಿ ಈಗ ಎಲ್ಲಿದೆ ಎಂದು ಕೇಳಿದೆ. ಅಂಗಡಿಯಲ್ಲೇ ಇದೆ, ಪಟ್ಟಿ ಕಳಚಿತ್ತು, ನೂಲು ಸುತ್ತಿ ಕಟ್ಟಿದ್ದೇವೆ, ಸೂರಿನವರೆಗೆ ಗುಂಡಿ ಡಬ್ಬಗಳಿವೆಯಲ್ಲ, ಏಣಿಯಿಲ್ಲದೆ ವ್ಯಾಪಾರವೇ ಆಗುವುದಿಲ್ಲ ಎಂದಳು ಸೊಸೆ.

ಶಿಬಿರಕ್ಕೆ ಯಾಕೆ ತರಲಿಲ್ಲ ಎಂದೆ. ಯಜಮಾನಿ ಹೇಳಿದರು, “ಗಾಡೀಲಿ ಹಾಡು ಬಂತಲ್ಲ, ಕೇಳಿದ್ವಿ. ಎಷ್ಟು ಚೆನ್ನಾಗಿತ್ತು. ನಮ್ಮದು ಹೊಸದು, ಹಳೇ ಏಣಿ ಇರೋ ಬಡವರಿಗೆ ಜಾಗ ಸಿಗಲಿ ಅಂತ ನಾವು ಬರ್ಲಿಲ್ಲ.”

ಬೇಗ ಹುಷಾರಾಗಿ ಎಂದೆ. ಬುಟ್ಟಿಯನ್ನು ಕಿಟಕಿಯ ಪಕ್ಕ ಇಟ್ಟೆ. ಬಂದೆ.

ಜೂನ್ ೧೯, ಗುರುವಾರ

ಅಷ್ಟೇ ಹೇಳಿ ಬಂದೆ. ‘ಬೇಗ ಹುಷಾರಾಗಿ.’

ಜೂನ್ ೨೦, ಶುಕ್ರವಾರ

ಊಟಕ್ಕೆ ಕೂತಾಗ ಇವಳು ಕೇಳಿದಳು, “ಏನು, ಪದ್ಯ ನಿಂತುಹೋಯ್ತು? ಹೊಟ್ಟೆ ಸರಿಯಿಲ್ವಾ?” ಮನೆಯಲ್ಲಿ ನಾನು ಉಪ್ಪು ಕೇಳುವುದೂ ಪ್ರಾಸದಲ್ಲೇ ಎಂದು ಅವಳ ತವರಿನವರೆಲ್ಲ ನಗುತ್ತಾರೆ. ನಾನು ಎಂದಿನಂತೆಯೇ ಇದ್ದೇನೆ ಎಂದೆ. ಉಪ್ಪು ಹಾಕಿಕೊಳ್ಳಲು ಮರೆತಿದ್ದೆ.

ಹೊಸ ಚಪ್ಪಲಿ ಕಾಲು ಕಚ್ಚುತ್ತಿದೆ.

ಜೂನ್ ೨೧, ಶನಿವಾರ

ಮಾನ್ಯ ಅಧ್ಯಕ್ಷರೇ, ಮಹಾಜನಗಳೇ, ಇಂದು ಸಭೆ ಕಿಕ್ಕಿರಿದಿದೆ. ದಯವಿಟ್ಟು ಬಟ್ಟೆಗಳು ಸ್ವಲ್ಪ ಒತ್ತರಿಸಿಕೊಂಡು ಕೂರಬೇಕು.

ಭಾನುವಾರದ ಪತ್ರಿಕೆಗೆ ಎರಡನೇ ಶಿಬಿರದ ಜಾಹೀರಾತು ಕಳಿಸಬೇಕಾಗಿತ್ತು. ನಾನು ಬೆಳಿಗ್ಗೆಯೇ ಒಂದು ಕಾಗದದಲ್ಲಿ ಬರೆದುಕೊಂಡು ಹೋದೆ. ನೀಲಿ ಮೆಟ್ಟಿಲಿನ ಏಣಿಯ ಪಟ್ಟಿ ಕಳಚಿ ಜನ ಬೀಳುತ್ತಿದ್ದಾರೆ, ತಪ್ಪು ನಮ್ಮದು, ಅದನ್ನು ಹತ್ತಬೇಡಿ, ಹೊಸದಾಗಿದ್ದರೂ ತನ್ನಿ. ಅಷ್ಟೇ. ಅಳಿಯಂದಿರು ಗಟ್ಟಿಯಾಗಿ ಓದಿದರು. ಪೆನ್ನು ಕೈಯಲ್ಲೇ ಇತ್ತು, ಮೇಜಿಗೆ ತಾಗಲಿಲ್ಲ.

“ಚೆನ್ನಾಗಿದೆ,” ಎಂದರು. “ಆದ್ರೆ ಇದ್ರಲ್ಲಿ ನೀವೇ ಇಲ್ವಲ್ಲ.”

ಬಿದ್ದವರ ವಿಷಯ ಹೇಳಿದೆ. ಅಂಗಡಿಯವರು ಹಳೆಯ ಏಣಿಯವರಿಗೆ ಜಾಗ ಬಿಟ್ಟುಕೊಟ್ಟದ್ದನ್ನು ಹೇಳಿದೆ. ಅವರು ಕೇಳಿಸಿಕೊಂಡರು. ಕಿಟಕಿಯಿಂದ ಕೆಳಗಿನ ಶೆಡ್ಡನ್ನು ತೋರಿಸಿದರು. ಅಲ್ಲಿ ತಿಂಡಿ ಮುಗಿಸಿದ ಕೆಲಸದವರು ತಟ್ಟೆ ತೊಳೆಯುತ್ತಿದ್ದರು. ಈ ನಾಲ್ಕು ಸಾಲು ಅಚ್ಚಾದರೆ ಇವರಲ್ಲಿ ಅರ್ಧ ಜನರನ್ನು ಮನೆಗೆ ಕಳಿಸಬೇಕಾಗುತ್ತೆ, ಯಾರನ್ನು ಕಳಿಸಲಿ, ನೀವೇ ಆರಿಸಿ ಕೊಡಿ ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಎರಡನೇ ಶಿಬಿರ, ಮೂರನೇ ಶಿಬಿರ ಮಾಡುತ್ತಾ ಹೋಗೋಣ, ಒಂದಲ್ಲ ಒಂದು ದಿನ ಎಲ್ಲ ಏಣಿಗಳೂ ಬಂದೇ ಬರುತ್ತವೆ ಎಂದರು. ಆಮೇಲೆ, ಸಾಮಾಜಿಕ ಜವಾಬ್ದಾರಿಯ ಪ್ರಶಸ್ತಿಗೆ ತಾತನ ಫೋಟೋ ಕಳಿಸಿದ್ದೇವೆ, ಅದರ ಕೆಳಗೂ ಎರಡು ಸಾಲು ಬೇಕಿತ್ತು ಎಂದರು.

ಕೆಳಗೆ ಬಂದೆ. ತಪಾಸಣೆ ಮೇಡಂ ಎದುರಾದರು. ಅವರ ವರದಿಯನ್ನು ಪುನಃ ಬರೆಯಲು ಹೇಳಿದ್ದಾರಂತೆ. ಬರೆಯಲ್ಲ ಅಂದಿದ್ದಾರಂತೆ. ಬೇರೆ ಕಡೆ ಕೆಲಸ ನೋಡ್ತಿದ್ದೀನಿ ಎಂದು ಅಂಗಿಯ ತೋಳು ಸರಿಮಾಡಿಕೊಂಡು ಮರಳು ಮೂಟೆಯ ಕಡೆ ಹೋದರು.

ಸಭಿಕರೇ, ನಾನು ಕುರ್ಚಿಯಲ್ಲಿ ಕೂತೆ. ಎದುರಿಗೆ ಎರಡು ಕಾಗದ. ಒಂದರಲ್ಲಿ ನೇರ ಮಾತು, ಇನ್ನೊಂದರಲ್ಲಿ ‘ಏಣಿ ನಿಮ್ಮದು’. ಪತ್ರಿಕೆಗೆ ಜಾಹೀರಾತು ಕಳಿಸುವವನು ನಾನು. ಒಮ್ಮೆ ನನ್ನ ಕೈ ಬಿಟ್ಟರೆ ಮುಂದೆ ಯಾರೂ ನೋಡುವುದಿಲ್ಲ. ಕಳಿಸಿದೆ. ಯಾವುದನ್ನು ಎಂದು ಕೇಳುತ್ತೀರಾ? ನೇರ ಮಾತನ್ನು. ತಲೆಯೆತ್ತಿ ಎದ್ದು ಬಂದೆ. ಇವಳಿಗೂ ಹೇಳಿದೆ. ಇವಳು, ಕೆಲಸ ಹೋದ್ರೆ ಹೋಗ್ಲಿ ಬಿಡಿ, ಏನಾದ್ರೂ ಮಾಡೋಣ ಎಂದಳು. ನನ್ನ ತಟ್ಟೆಗೆ ಅವಳೇ ಬಡಿಸಿದಳು.

ಚಪ್ಪಾಳೆ. ದೀರ್ಘ ಚಪ್ಪಾಳೆ. ಪೊರಕೆ ಬಾಂಧವರು ಎದ್ದು ನಿಂತಿದ್ದಾರೆ.

ಜೂನ್ ೨೨, ಭಾನುವಾರ

ಪತ್ರಿಕೆ ಬಂತು. ಇವಳು ಓದಿ ಮಡಚಿಟ್ಟಳು. ದಿನವಿಡೀ ಇಬ್ಬರೂ ಮನೆಯಲ್ಲೇ ಇದ್ದೆವು.

ಜೂನ್ ೨೪, ಮಂಗಳವಾರ

ಇವತ್ತು ಕಂಪನಿಗೆ ಹೋಗಲಿಲ್ಲ. ಬಸ್ಸು ಇಳಿದವನು ಆ ಕಡೆ ತಿರುಗದೆ ಪೇಟೆಯ ಕಡೆ ನಡೆದೆ.

ಯಜಮಾನಿ ಮನೆಗೆ ಬಂದಿದ್ದಾರೆ. ಮನೆಯೆಂದರೆ ಅಂಗಡಿಯ ಹಿಂದಿನ ಕೋಣೆ. ಆದರೆ ಅವರು ಅಲ್ಲಿರಲಿಲ್ಲ. ಅಂಗಡಿಯಲ್ಲೇ ಕುರ್ಚಿ ಹಾಕಿಸಿ, ಪ್ಲಾಸ್ಟರಿನ ಕಾಲನ್ನು ಲೇಸಿನ ಸುರುಳಿಗಳ ಮೇಲೆ ಚಾಚಿ, ಗಿರಾಕಿಗಳಿಗೆ ದರ ಹೇಳುತ್ತಿದ್ದರು. ಸೊಸೆ ನೀಲಿ ಏಣಿಯ ಮೇಲಿನ ಮೆಟ್ಟಿಲಲ್ಲಿದ್ದಳು. ಒಂದು ಕೈಯಲ್ಲಿ ಗುಂಡಿ ಡಬ್ಬ, ಇನ್ನೊಂದು ಕೈ ಗೋಡೆಗೆ. ಪಟ್ಟಿಗೆ ಕೆಂಪು ನೂಲು ಸುತ್ತಿತ್ತು. ಬಿಗಿಯಾಗಿ, ಅಚ್ಚುಕಟ್ಟಾಗಿ ಸುತ್ತಿದ್ದಳು.

“ಅಮ್ಮಾ, ಮೊದಲು ಅವರನ್ನ ಇಳಿಸಿ,” ಎಂದೆ.

ಯಾಕಪ್ಪ ಎಂದರು. ಹೇಳಿದೆ. ರಿವೆಟ್, ಮೆತ್ತಗಿನ ಲೋಹ, ಬಣ್ಣ ಬಳಿಯುವವನ ಮಣಿಕಟ್ಟು, ಎಲ್ಲ ಹೇಳಿದೆ. ನೀವು ದಪ್ಪಗಿರೋದಕ್ಕೆ ಬೀಳಲಿಲ್ಲ ಎಂದೆ. ಗುಂಡಿ ಕೊಳ್ಳಲು ಬಂದಿದ್ದ ಹೆಂಗಸು ಕೈಯಲ್ಲಿದ್ದ ಬಟ್ಟೆಯ ತುಂಡನ್ನು ಚೀಲಕ್ಕೆ ಹಾಕದೆ ಹಾಗೇ ನಿಂತಳು.

“ಇಳಿಯೇ,” ಎಂದರು ಯಜಮಾನಿ, ಮೇಲೆ ನೋಡದೆಯೇ. ಸೊಸೆ ಒಂದೊಂದೇ ಮೆಟ್ಟಿಲು ಇಳಿದಳು. ನಾನು ಹೋಗಿ ಏಣಿಯ ಕಾಲುಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ.

“ಭಾನುವಾರ ಪೇಪರ್ ಓದಿದೆ,” ಎಂದರು ಯಜಮಾನಿ. “ನಿಮ್ಮ ಕಂಪನಿದು ಇತ್ತು. ಅದರಲ್ಲಿ ಹಾಗೇನೂ ಇರ್ಲಿಲ್ವಲ್ಲ. ಅದೇ ಹಾಡಿತ್ತು.”

“ಅದನ್ನ ಬರೆಯೋನು ನಾನೇ ಅಮ್ಮ. ಇದನ್ನ ಬರೀಬೇಕಿತ್ತು. ಬರೀಲಿಲ್ಲ.”

ಅವರು ಬೈಯುತ್ತಾರೆ ಎಂದುಕೊಂಡೆ. ಕಾಲಿನ ಕೆಳಗಿನ ಲೇಸಿನ ಸುರುಳಿಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿಕೊಂಡರು.

“ಯಾರಿಗಾದ್ರೂ ಹೇಳಿದ್ದೀರಾ?”

“ಮನೇಲಿ ಹೇಳಿದ್ದೆ. ಮೊದಲನೇ ದಿನಾನೇ.”

“ನಿಮ್ಮನೇಲಿ.”

“ಹೂಂ.”

ಆಮೇಲೆ ಅವರು ಸೊಸೆಗೆ ದೊಡ್ಡ ರಟ್ಟಿನ ಡಬ್ಬದ ಮುಚ್ಚಳ ಕೊಡಲು ಹೇಳಿದರು, ದರ ಬರೆಯುವ ದಪ್ಪ ಪೆನ್ನು ಕೊಡಲು ಹೇಳಿದರು. ಇಲ್ಲಿ ಕೂತು ಬರೀರಿ ಎಂದರು. ಬರೆದೆ. ‘ನೀಲಿ ಮೆಟ್ಟಿಲಿನ ಏಣಿ ಹತ್ತಬೇಡಿ. ಹೊಸದಾದರೂ ಹತ್ತಬೇಡಿ. ಪಟ್ಟಿ ಕಳಚಿ ಬೀಳುತ್ತೀರಿ. ಕಂಪನಿಗೆ ತನ್ನಿ.’ ಕೆಳಗೆ ಕಂಪನಿಯ ಹೆಸರು ಬರೆದೆ. ನನ್ನ ಹೆಸರು ಬರೆದೆ, ಸಂಬಳದ ಚೀಟಿಯಲ್ಲಿರುವುದನ್ನೇ. ನನ್ನ ಫೋನ್ ನಂಬರ್ ಬರೆದೆ. ಸೊಸೆ ಅದನ್ನು ಬಾಗಿಲಿನ ಎದುರಿಗೆ ತೂಗುಹಾಕಿ, ಇನ್ನೊಂದು ಮುಚ್ಚಳ ತಂದು ಔಷಧಿ ಅಂಗಡಿಗೂ ಬೇಕು ಎಂದಳು. ಅದನ್ನೂ ಬರೆದೆ. ಚಪ್ಪಲಿ ಅಂಗಡಿಗೆ ನಾನೇ ತೆಗೆದುಕೊಂಡು ಹೋದೆ.

ಮಧ್ಯಾಹ್ನದಿಂದ ಫೋನ್ ಬಿಡುವಿಲ್ಲದೆ ಬಡಿದುಕೊಳ್ಳುತ್ತಿದೆ. ನಮ್ಮದು ಹೊಸದು ಸಾರ್, ಅದನ್ನೂ ತರಬೇಕಾ ಎಂದು ಎಲ್ಲರೂ ಕೇಳುತ್ತಾರೆ. ಅದನ್ನೇ ತರಬೇಕು ಎನ್ನುತ್ತೇನೆ. ನಡುವೆ ಒಂದು ಕರೆ ಅಳಿಯಂದಿರದು. ಯಾರೋ ಫಲಕದ ಫೋಟೋ ಕಳಿಸಿದ್ದಾರಂತೆ. ನಾಳೆ ಬಂದು ಕಾಣಿ ಎಂದರು. ಬರ್ತೀನಿ ಎಂದೆ. ಏಣಿ ತಂದವರಿಗೆ ಗೇಟಿನಲ್ಲಿ ಏನು ಹೇಳಲಿ ಎಂದು ಅವರೇ ಕೇಳಿದರು. ರಿವೆಟ್ ಡಬ್ಬಿಗಳು ತೆರೆಯದೆ ಹಾಗೇ ಇವೆಯಲ್ಲ ಎಂದೆ. ಅವರು ಫೋನಿಟ್ಟರು.

ಇವಳು ಚಹಾ ತಂದಿಟ್ಟು ಕಿರುಕೋಣೆಯ ಬಾಗಿಲಲ್ಲೇ ನಿಂತಿದ್ದಾಳೆ. ನಿಜವನ್ನು ಅವಳಿಗೆ ಇನ್ನೂ ಹೇಳಿಲ್ಲ, ಆದರೆ ಅವಳು ಭಾನುವಾರವೇ ಪತ್ರಿಕೆಯಲ್ಲಿ ಓದಿದ್ದಾಳೆ.

ಇಲ್ಲಿ ಸಭೆಯೂ ಇಲ್ಲ, ಸಭಿಕರೂ ಇಲ್ಲ. ಶನಿವಾರ ನಾನು ಪತ್ರಿಕೆಗೆ ಕಳಿಸಿದ್ದು ಪ್ರಾಸವನ್ನೇ. ನನಗೆ ಹೆದರಿಕೆಯಾಯಿತು. ಚಪ್ಪಾಳೆಯನ್ನೂ ನಾನೇ ಬರೆದುಕೊಂಡೆ.